ಚಾಪೆಯ ಮೇಲಿನ ಆರು ಮಂದಿ

“ಅವ್ವಾ, ಅವ್ರ ತೊಡಿ ಮ್ಯಾಲ ಚರಿಗಿ ಇಟ್ಟೀ ನೋಡು,” ಎಂದ ಮಾಂತೇಶ.

ಶಿವವ್ವ ನೀರಿನ ಚರಿಗೆಯನ್ನು ಎತ್ತಿ ಒಂದು ಗೇಣು ಬಲಕ್ಕೆ ಇಟ್ಟಳು. ಅಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಾಳೆ ಎಂದ ಮಗ. ಎಡಕ್ಕೆ ಇಟ್ಟಳು. ಅಲ್ಲೊಬ್ಬ ಹುಡುಗ ಕಾಲು ಚಾಚಿದ್ದನಂತೆ. ಕೊನೆಗೆ ಚರಿಗೆಯನ್ನು ಎದೆಗವಚಿಕೊಂಡು, ಖಾಲಿ ಚಾಪೆಯ ಎದುರು ನಿಂತು, ಎಲ್ಲಿ ಇಡಬೇಕೆಂದು ಅವರನ್ನೇ ಕೇಳಿ ಹೇಳು ಎಂದಳು. ಮಾಂತೇಶ ಕೇಳಲಿಲ್ಲ. ಯಾರನ್ನಾದರೂ ಏನನ್ನಾದರೂ ಕೇಳುವುದೇ ಅವನಿಂದ ಆಗದ ಕೆಲಸ. ಆ ಆರು ಮಂದಿ ಬಂದು ಕೂತದ್ದೇ ಅದಕ್ಕಾಗಿ.

ಅವರು ನಿಜವಾಗಿ ಇರಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಓದುವವರೂ ಪಕ್ಕದ ಮನೆಯ ಹೇಮಿಬಾಯಿಯ ಹಾಗೆ ಓಣಿಯೆಲ್ಲ ಸುದ್ದಿ ಹಬ್ಬಿಸಿಯಾರು. ಅವರು ಇದ್ದದ್ದು ಮಾಂತೇಶನ ಕನ್ನಡಕದಲ್ಲಿ. ವೆಲ್ಡಿಂಗ್ ಮಾಡುವವರದಕ್ಕಿಂತ ದಪ್ಪನೆಯ, ಒಳಗೆ ಕಂಪ್ಯೂಟರಿನ ಚಿತ್ರ ತೋರಿಸುವ ಕನ್ನಡಕ ಅದು. ಹಾಕಿಕೊಂಡರೆ ಗೋವಾದ ವಾಸ್ಕೋದ ಬೈನಾ ಓಣಿಯ ಅದೇ ಒಂದೂವರೆ ಕೋಣೆಯ ಮನೆ ಕಾಣುತ್ತಿತ್ತು, ಅದೇ ಚಾಪೆ, ಅದೇ ಗ್ಯಾಸಿನ ಒಲೆ, ಅದೇ ದೇವರ ಮಾಡ. ಚಾಪೆಯ ಮೇಲೆ ಮಾತ್ರ ಆರು ಅಪರಿಚಿತರು ಕೂತು ಇವನನ್ನೇ ನೋಡುತ್ತಿದ್ದರು. ನೀಲಿ ಕೋಟಿನ ಬೋಳುತಲೆಯವನು ಒಬ್ಬ. ದಪ್ಪ ಮೀಸೆಯ ಮುದುಕ ಇನ್ನೊಬ್ಬ. ಎಂದೂ ಮುಗಿಯದ ಏನನ್ನೋ ಅಗಿಯುವ ಹುಡುಗ. ಮೂವರು ಹೆಂಗಸರು, ಮೂವರಿಗೂ ಒಂದೇ ನಗು.

ಮಾಂತೇಶ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಆ ಕೆಲಸವನ್ನು ಅವನು ಆರಿಸಿಕೊಂಡದ್ದು ಯಂತ್ರದ ಮೇಲಿನ ಪ್ರೀತಿಗಲ್ಲ, ಎತ್ತರಕ್ಕೆ. ಅಷ್ಟು ಮೇಲಿನ ಕ್ಯಾಬಿನ್ನಿಗೆ ಬಂದು ಊಟ ಆಯಿತೇ ಎಂದು ಕೇಳುವವರು ಯಾರೂ ಇರುವುದಿಲ್ಲ. ಕೆಳಗಿನವನು ಕೈ ಬೀಸಿದರೆ ಎತ್ತಬೇಕು, ಮುಷ್ಟಿ ಹಿಡಿದರೆ ನಿಲ್ಲಿಸಬೇಕು, ಮಾತು ಬೇಕಿಲ್ಲ. ಹೀಗೆ ಸುಖವಾಗಿದ್ದವನನ್ನು ಕಂಪನಿಯವರು ಸುರಕ್ಷತಾ ಸಪ್ತಾಹದಲ್ಲಿ ವೇದಿಕೆಗೆ ಕರೆದರು. ವರ್ಷವಿಡೀ ಅಪಘಾತ ಮಾಡದ್ದಕ್ಕೆ ಒಂದು ಶಾಲು ಹೊದಿಸಿ, ಎರಡು ಮಾತು ಆಡು ಎಂದು ಕೈಗೆ ತಂತಿಯಿಲ್ಲದ ಮೈಕು ಕೊಟ್ಟರು. ಮಾಂತೇಶ ಮೈಕನ್ನು ನೋಡಿದ, ಮಂದಿಯನ್ನು ನೋಡಿದ, ವೇದಿಕೆ ಇಳಿದ, ನೆಟ್ಟಗೆ ನಡೆದು ತನ್ನ ಕ್ರೇನ್ ಹತ್ತಿ ಕೂತ. ಮೈಕು ಅವನ ಕೈಯಲ್ಲೇ ಇತ್ತು, ಚಾಲೂ ಇತ್ತು. ಮುಖ್ಯ ಅತಿಥಿಗಳು ಕೆಳಗೆ ಬರಿಗಂಟಲಿನಲ್ಲಿ ಸುರಕ್ಷತೆಯ ಮಹತ್ವವನ್ನು ಕೂಗಿ ಹೇಳುತ್ತಿರುವಾಗ, ಆಕಾಶದಿಂದ ಮಾಂತೇಶನ ಏದುಸಿರು ಇಡೀ ಬಂದರಿಗೆ ಕೇಳಿಸುತ್ತಿತ್ತು.

ಕಂಪನಿಯ ಡಾಕ್ಟರು ಅವನನ್ನು ಮಡಗಾಂವಿನ ಆಸ್ಪತ್ರೆಯೊಂದಕ್ಕೆ, ಜಾಸ್ಮೀನ ಎಂಬ ಮನೋವೈದ್ಯೆಯ ಹತ್ತಿರ ಕಳಿಸಿದರು. ಆಕೆ ಹಿಂದಿಯಲ್ಲಿ ಸಾವಕಾಶವಾಗಿ ಹೇಳಿದಳು: ಇದು ಹುಚ್ಚಲ್ಲ, ಸೊಕ್ಕೂ ಅಲ್ಲ, ಜನರೆದುರು ಗಂಟಲು ಕಟ್ಟುವುದು ಒಂದು ಕಾಯಿಲೆ, ನೆಗಡಿಯಷ್ಟೇ ಮಾಮೂಲು, ನೆಗಡಿಗಿಂತ ಹಟಮಾರಿ. ಇಲ್ಲದ ಜನರೆದುರು ದಿನಾ ಕೂತು ರೂಢಿಯಾದರೆ ಇರುವ ಜನರೆದುರು ಕೂರಲು ಬರುತ್ತದೆ. ಮೊದಲ ಮೆಟ್ಟಿಲಲ್ಲಿ ಅವರು ಸುಮ್ಮನೆ ಕೂತಿರುತ್ತಾರೆ. ಎರಡನೆಯದರಲ್ಲಿ ನಿನ್ನನ್ನು ನೋಡುತ್ತಾರೆ. ಮೂರನೆಯದರಲ್ಲಿ ನೀನು ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ನಾಲ್ಕರಲ್ಲಿ ಪ್ರಶ್ನೆ ಕೇಳುತ್ತಾರೆ. ಐದರಲ್ಲಿ ಆಕಳಿಸುತ್ತಾರೆ, ನಗುತ್ತಾರೆ, ಎದುರು ಮಾತಾಡುತ್ತಾರೆ. ಅದನ್ನು ದಾಟಿದವನು ಯಾವ ಸಭೆಯನ್ನಾದರೂ ದಾಟಬಹುದು.

ಮಾಂತೇಶನಿಗೆ ದಾಟಬೇಕಾಗಿದ್ದದ್ದು ಒಂದೇ ಸಭೆ. ಅದು ಅವನ ತಂಗಿ ಅಶ್ವಿನಿಯ ಮದುವೆ ಮಾತುಕತೆಯದು.

ಅಶ್ವಿನಿ ಬೈನಾದ ದಂಡೆಯಲ್ಲಿ ಮೀನುಗಾರರ ಮಕ್ಕಳ ಜೊತೆ ಈಜು ಕಲಿತವಳು. ಈಗ ಕಲಂಗುಟ್‌ನ ದಂಡೆಯಲ್ಲಿ, ಮುಳುಗುವ ಪ್ರವಾಸಿಗರನ್ನು ಎಳೆದು ತರುವ ಜೀವರಕ್ಷಕರ ತಂಡದಲ್ಲಿ ತರಬೇತಿಗೆ ಸೇರಿದ್ದಳು. ಇದು ಅವರ ಸೋದರಮಾವ ಸಂಗಣ್ಣನಿಗೆ ಸರಿಬಂದಿರಲಿಲ್ಲ. ಸಂಗಣ್ಣ ವೆರ್ಣಾದ ಕಟ್ಟಡ ಕೆಲಸದಲ್ಲಿ ಕೂಲಿಯಾಳುಗಳ ಮೇಲಿನ ಮುಕಾದಮ, ಮಾಂತೇಶನ ತಂದೆ ತೀರಿಕೊಂಡ ಮೇಲೆ ಆ ಮನೆಯ ಮಾತುಗಳನ್ನೆಲ್ಲ ತಾನೇ ಆಡುತ್ತ ಬಂದವನು. ಅವನು ಕುಡಚಡೆಯಲ್ಲಿ ಅದಿರಿನ ಲಾರಿ ಇಟ್ಟುಕೊಂಡಿರುವ ಕಂಠೆಪ್ಪನ ಮಗ ಬಾಲಪ್ಪನನ್ನು ನೋಡಿ ಬಂದಿದ್ದ. ಮದುವೆಯಾದ ಮೇಲೆ ಹುಡುಗಿ ಸಮುದ್ರ ಬಿಡಬೇಕು, ಅಷ್ಟೇ ಷರತ್ತು. ಅಶ್ವಿನಿ ಒಲ್ಲೆ ಎಂದಳು. ಸಂಗಣ್ಣ ಮೆಚ್ಚಿಕೊಂಡು ನಕ್ಕ. ಎರಡನೇ ಸಲ ಒಲ್ಲೆ ಎಂದಳು, ಈಗಿನ ಕಾಲದಲ್ಲಿ ಇಷ್ಟು ಮರ್ಯಾದೆಯಿರುವ ಹುಡುಗಿ ಸಿಗುವುದಿಲ್ಲ ಎಂದು ಅವನು ಕಂಠೆಪ್ಪನಿಗೆ ಫೋನು ಮಾಡಿದ.

ಆ ಸಂಜೆ ಅವಳು ಅಣ್ಣನನ್ನು ನಲ್ಲಿಯ ಕಟ್ಟೆಯ ಹತ್ತಿರ ಹಿಡಿದಳು.

“ನಾ ಬ್ಯಾಡ ಅಂದ್ರ ನಾಚಿಕಿ ಅಂತಾರ. ನೀ ಬ್ಯಾಡ ಅಂದ್ರ ಬ್ಯಾಡ ಅಂತ ತಿಳೀತಾರ. ಒಂದ ಸಲ ಎಲ್ಲಾರ ಮುಂದ ಅಂದ್‌ಬಿಡಣ್ಣ. ಆಮ್ಯಾಲ ಬೇಕಾದ್ರ ಜನ್ಮಪೂರ್ತಿ ಕ್ರೇನಿನ್ಯಾಗ ಕುಂದ್ರು.”

ಮಾಂತೇಶ ತಲೆಯಾಡಿಸಿದ. ಸಂಗಣ್ಣನಿಗೆ ಫೋನು ಹಚ್ಚಿದ. ಆ ಕಡೆಯಿಂದ ಹಲೋ ಎಂದ ಕೂಡಲೇ ಗಂಟಲು ಕಟ್ಟಿತು. ಬಹಳ ಹೊತ್ತು ಉಸಿರಾಟವನ್ನಷ್ಟೇ ಕೇಳಿಸಿಕೊಂಡ ಸಂಗಣ್ಣ, ಅಳಿಯನಿಗೆ ಸಂತೋಷದಿಂದ ಕಂಠ ತುಂಬಿದೆ ಎಂದು ತಿಳಿದು ಫೋನು ಇಟ್ಟ. ಮರುದಿನ ಮಾಂತೇಶ ಮಡಗಾಂವಿಗೆ ಹೋಗಿ ಕನ್ನಡಕ ತಂದ.

ಸಮಸ್ಯೆ ಶುರುವಾದದ್ದು ಇಲ್ಲಿ. ಜಾಸ್ಮೀನ ಡಾಕ್ಟರು ರೋಗಿಯ ಬಗ್ಗೆ ಎಲ್ಲವನ್ನೂ ಯೋಚಿಸಿದ್ದರು, ರೋಗಿಯ ತಾಯಿಯ ಬಗ್ಗೆ ಯೋಚಿಸಿರಲಿಲ್ಲ. ಮನೆಗೆ ಬಂದವರಿಗೆ ಕೈಕಾಲಿಗೆ ನೀರು, ಕುಡಿಯಲು ನೀರು, ಆಮೇಲೆ ಚಹಾ: ಇದು ಶಿವವ್ವನಿಗೆ ಉಸಿರಾಟದಂಥ ವಿಷಯ. ಅವರು ಕಂಪ್ಯೂಟರಿನಲ್ಲಿ ಮಾಡಿದವರು, ಅವರಿಗೆ ಹೊಟ್ಟೆಯೇ ಇಲ್ಲ ಎಂದು ಮಗ ಎಷ್ಟು ಹೇಳಿದರೂ ಆಕೆಯದು ಒಂದೇ ಮಾತು.

“ಯಾರ್ ಮಾಡಿದ್ರ ಏನಾತು? ನಮ್ಮ ಚಾಪಿ ಮ್ಯಾಲ ಕುಂತಾರಿಲ್ಲೊ?”

ಆ ಮನೆಗೆ ಯಾರಾದರೂ ಬಂದು ಕೂತು ವರ್ಷಗಳೇ ಆಗಿದ್ದವು. ಬಂದವರ ದನಿ ಕೇಳಿದರೆ ಮಾಂತೇಶ ಹಿಂದಿನ ಬಾಗಿಲಿನಿಂದ ಹೋಗಿ ಅವರು ಎದ್ದ ಮೇಲೆ ಬರುತ್ತಿದ್ದ; ಒಂದೊಂದಾಗಿ ಎಲ್ಲರೂ ಬರುವುದನ್ನು ಬಿಟ್ಟಿದ್ದರು. ಈಗ ದಿನವೂ ಸಂಜೆ ಆರು ಮಂದಿ ತಪ್ಪದೆ ಬರುತ್ತಿದ್ದರು. ಶಿವವ್ವ ಚಾಪೆಯನ್ನು ಬಿಸಿಲಿಗೆ ಹಾಕಿ ಜಾಡಿಸಿದಳು. ಅವರು ಯಾವ ಊರಿನವರು, ಎಷ್ಟು ಮಕ್ಕಳು ಎಂದು ಮಗನ ಮೂಲಕ ಕೇಳಿಸಲು ನೋಡಿದಳು. ಅವರು ಬೂಟು ಹಾಕಿಕೊಂಡೇ ಕೂತಿದ್ದಾರೆ ಎಂದು ಒಂದು ದಿನ ಅವನ ಬಾಯಿಂದ ಬಂದುಬಿಟ್ಟಿತು. ದೇವರ ಮಾಡದ ಎದುರಿಗೆ ಬೂಟು. ಆಕೆ ಊಟ ಮಾಡಲಿಲ್ಲ. ಮಾಂತೇಶ ಡಾಕ್ಟರಿಗೆ ಮೆಸೇಜು ಮಾಡಿದ, ಡಾಕ್ಟರು ಕನ್ನಡಕ ಮಾಡಿದ ಕಂಪನಿಯವರಿಗೆ ಬರೆದರು; ರೋಗಿಯ ತಾಯಿಯ ಭಾವನೆಗಳನ್ನು ಗೌರವಿಸುತ್ತೇವೆ, ಮುಂದಿನ ಆವೃತ್ತಿಯಲ್ಲಿ ಪಾದರಕ್ಷೆಗಳನ್ನು ಪರಿಶೀಲಿಸಲಾಗುವುದು ಎಂದು ಅಲ್ಲಿಂದ ಉತ್ತರ ಬಂತು. ಅಲ್ಲಿಯವರೆಗೆ ಶಿವವ್ವ ಮಾಡಕ್ಕೊಂದು ಪರದೆ ಕಟ್ಟಿದಳು.

ಬೂಟನ್ನು ಆಕೆ ಸಹಿಸಿದಳು. ನೀರು ಮುಟ್ಟದ್ದನ್ನು ಸಹಿಸಲಿಲ್ಲ. ತಮ್ಮ ಊರ ಕಡೆ ಒಂದು ಮನೆಯಲ್ಲಿ ನೀರು ಮುಟ್ಟದೆ ಏಳುವವರು ಎಂದರೆ ಆ ಮನೆಯ ಮೇಲೆ ಹಗೆ ಇರುವವರು, ಇಲ್ಲವೇ ಅದನ್ನು ಕೀಳು ಎಂದು ತಿಳಿದವರು. ಹೀಗಾಗಿ ಆಕೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಹೇಮಿಬಾಯಿಯೆದುರು ದುಃಖ ತೋಡಿಕೊಂಡಳು. ಹೇಮಿಬಾಯಿ ಪಕ್ಕದ ಮನೆಯವಳು. ದಂಡೆಯಲ್ಲಿ ಪ್ರವಾಸಿಗರಿಗೆ ಮಣಿಸರ, ಕಸೂತಿ ಚೀಲ ಮಾರುತ್ತಿದ್ದಳು. ಮಾರುವ ಅಭ್ಯಾಸ ಇದ್ದುದರಿಂದ ಯಾವ ಸುದ್ದಿಯನ್ನೂ ಇದ್ದ ಹಾಗೆ ಕೊಡುತ್ತಿರಲಿಲ್ಲ, ಎರಡು ಮಣಿ ಹೆಚ್ಚು ಪೋಣಿಸಿ ಕೊಡುತ್ತಿದ್ದಳು.

“ದಿನಾ ಬರ್ತಾರ, ಕುಂದರ್ತಾರ, ಹೋಗ್ತಾರ. ಒಂದ ಗುಟುಕ ನೀರು ಸೈತ ಮುಟ್ಟಂಗಿಲ್ಲ ಹೇಮಿಬಾಯಿ. ನಾವೇನ್ ಮಾಡೇವಿ ಅವ್ರಿಗೆ?” ಎಂದಳು ಶಿವವ್ವ.

ಹೇಮಿಬಾಯಿ ಅಂದೇ ಸಂಜೆ ಕಿಟಕಿಯಿಂದ ಇಣುಕಿದಳು. ಒಳಗೆ ಮಾಂತೇಶ ಕಪ್ಪು ಕನ್ನಡಕ ಹಾಕಿಕೊಂಡು, ಕಾಲು ಮಡಚಿ ಕೂತು, ಖಾಲಿ ಚಾಪೆಗೆ ಬಹಳ ಗಂಭೀರವಾಗಿ ಹೇಳುತ್ತಿದ್ದ: “ಅಶ್ವಿನಿನ್ನ ಕೊಡಂಗಿಲ್ರಿ.” ಸ್ವಲ್ಪ ತಡೆದು, ತುಸು ಆಚೆ ತಿರುಗಿ, ಮತ್ತೆ ಹೇಳಿದ: “ಕೊಡಂಗಿಲ್ರಿ.” ಮೂರನೆಯ ಮೆಟ್ಟಿಲಿನ ಆರು ಮಂದಿ ಅದಕ್ಕೆ ತಲೆಯಾಡಿಸಿದರು. ಅದು ಹೇಮಿಬಾಯಿಗೆ ಕಾಣಲಿಲ್ಲ. ಆದರೆ ಕಾಣದ್ದು ಆಕೆಯ ಮಾತಿಗೆ ಎಂದೂ ಅಡ್ಡ ಬಂದಿರಲಿಲ್ಲ.

ಮರುದಿನದ ಹೊತ್ತಿಗೆ ನಲ್ಲಿಯ ಸಾಲಿನಲ್ಲಿ ಎಲ್ಲರಿಗೂ ಗೊತ್ತಾಯಿತು: ಶಿವವ್ವನ ಮನೆಗೆ ದಿನಾ ಆರು ಕಡೆಯವರು ಹೆಣ್ಣು ಕೇಳಲು ಬರುತ್ತಾರೆ, ಬೂಟು ಹಾಕುವಂಥ ದೊಡ್ಡವರು, ಮಾಂತೇಶ ಅವರಿಗೆ ನೀರು ಸಹ ಕುಡಿಸದೆ ಎಬ್ಬಿಸಿ ಕಳಿಸುತ್ತಾನೆ.

ಈ ಸುದ್ದಿ ಬಾಡಿಗೆ ಮನೆಯ ಒಡತಿಯನ್ನು ಮುಟ್ಟಿದಾಗ ಆಕೆಗೆ ಮದುವೆಯ ಭಾಗ ಕೇಳಿಸಲಿಲ್ಲ, ಆರು ಹೊಸಬರು ಎಂಬುದಷ್ಟೇ ಕೇಳಿಸಿತು. ಹೊರಗಿನವರನ್ನು ಇಟ್ಟುಕೊಂಡರೆ ಠಾಣೆಗೆ ತಿಳಿಸಬೇಕು ಎಂಬುದು ಗೋವಾದಲ್ಲಿ ಬಾಡಿಗೆ ಕೊಡುವ ಎಲ್ಲರಿಗೂ ಗೊತ್ತು. ಆಕೆ ತಿಳಿಸಿದಳು. ಒಬ್ಬ ಕಾನ್‌ಸ್ಟೇಬಲ್ ಬಂದ. ವಯಸ್ಸಾದ, ಸಭ್ಯ ಮನುಷ್ಯ. ಆರು ಮಂದಿ ಎಲ್ಲಿ ಎಂದು ಕೇಳಿದ. ಮಾಂತೇಶನಿಗೆ ಪೊಲೀಸರನ್ನು ನೋಡಿ ಮೂರೂ ಮೆಟ್ಟಿಲು ಒಟ್ಟಿಗೆ ಇಳಿದುಹೋದವು. ವಿವರಿಸಲು ಬಾಯಿ ಬರದೆ ಕನ್ನಡಕ ತೆಗೆದು ಅವನ ಕೈಗೇ ಕೊಟ್ಟ.

ಕಾನ್‌ಸ್ಟೇಬಲ್ ಅದನ್ನು ಹಾಕಿಕೊಂಡ. ಒಂದು ಹೆಜ್ಜೆ ಹಿಂದೆ ಸರಿದ. ಟೋಪಿ ಸರಿಮಾಡಿಕೊಂಡು, “ತುಮಿ ಖಂಯ್ಚೆ?” ಎಂದು ಕೊಂಕಣಿಯಲ್ಲಿ ಊರು ಕೇಳಿದ. ಆರೂ ಮಂದಿ ತಲೆಯಾಡಿಸಿದರು. ಇಲ್ಲಿಯವರೇ ಎಂದು ಕೇಳಿದ. ತಲೆಯಾಡಿಸಿದರು. ಗಲಾಟೆ ಮಾಡುವುದಿಲ್ಲವಲ್ಲ ಎಂದ. ಅದಕ್ಕೂ ಆಡಿಸಿದರು. ತನ್ನ ಇಡೀ ನೌಕರಿಯಲ್ಲಿ ಇಷ್ಟು ಸಹಕರಿಸಿದ ಜನರನ್ನು ಅವನು ನೋಡಿರಲಿಲ್ಲ. ಕನ್ನಡಕ ತೆಗೆದು ಖಾಲಿ ಚಾಪೆಯನ್ನು ನೋಡಿದ, ಹಾಕಿಕೊಂಡು ಮತ್ತೆ ನೋಡಿದ, ಶಿವವ್ವ ಕೊಟ್ಟ ನೀರು ಕುಡಿದು ಹೊರಟ. ಹೊರಗೆ ಕಾಯುತ್ತಿದ್ದ ಓಣಿಯವರು ಕೇಳಿದಾಗ, ಒಳಗೆ ಆರು ಮಂದಿ ಇದ್ದಾರೆ, ಒಳ್ಳೆಯವರು ಎಂದಷ್ಟೇ ಹೇಳಿದ. ಇಲ್ಲ ಎಂದರೆ ತಾನು ಯಾರ ಜೊತೆ ಮಾತಾಡಿದೆ ಎಂದು ಹೇಳಬೇಕಾಗುತ್ತಿತ್ತು.

ಹೀಗೆ ಪೊಲೀಸರೇ ಕಂಡ ಮೇಲೆ ಸುದ್ದಿಗೆ ತೂಕ ಬಂತು. ಹೇಮಿಬಾಯಿಯ ಗಂಡ ಥಾವರಪ್ಪ ಕುಡಚಡೆಯ ಸಂತೆಗೆ ರೈಲಿನಲ್ಲಿ ಹೋಗುವವನು. ಸುದ್ದಿ ಅವನ ಜೊತೆ ಟಿಕೆಟಿಲ್ಲದೆ ಹೋಗಿ ಕಂಠೆಪ್ಪನ ಮನೆಯ ಮುಂದೆ ಇಳಿಯಿತು. ಕಂಠೆಪ್ಪ ಯೋಚನೆಗೆ ಬಿದ್ದ. ಅವನು ಅಲ್ಲಿಯವರೆಗೆ ಹೆಣ್ಣಿನ ಕಡೆಯವರು ಎಂದರೆ ಸಂಗಣ್ಣ ಎಂದು ತಿಳಿದಿದ್ದ. ಸಂಗಣ್ಣ ಮಾತಾಡುತ್ತಾನೆ, ಮಾತಾಡುವವರನ್ನು ಒಲಿಸಿಕೊಳ್ಳುವುದು ಸುಲಭ. ಒಳಗೆ ಇಂಥ ಒಬ್ಬ ಅಣ್ಣ ಕೂತಿದ್ದಾನೆ ಎಂದು ಯಾರೂ ಹೇಳಿರಲಿಲ್ಲ. ಮುಂದಿನ ತಿಂಗಳು ಇಟ್ಟುಕೊಂಡಿದ್ದ ಮಾತುಕತೆಯನ್ನು ಬರುವ ಭಾನುವಾರಕ್ಕೆ ಎಳೆದ.

ಮಾಂತೇಶ ಜಾಸ್ಮೀನ ಡಾಕ್ಟರಿಗೆ ಫೋನು ಮಾಡಿದ. ಅದೇ ಒಂದು ದೊಡ್ಡ ವಿಷಯ ಎಂದು ಆಕೆ ಮೆಚ್ಚಿದಳು. ನೇರ ಐದನೆಯ ಮೆಟ್ಟಿಲು ಹಾಕಿಕೊಡಿ, ಭಾನುವಾರ ನಿಜವಾದವರು ಬರುತ್ತಾರೆ ಎಂದು ಅವನು ತೊದಲಿದ. ಆಕೆ ಒಪ್ಪಲಿಲ್ಲ. ಮೆಟ್ಟಿಲು ಹಾರಿದರೆ ಬೀಳುತ್ತೀ, ಬಿದ್ದರೆ ಆ ಭಯ ಮತ್ತೆ ಹೋಗುವುದಿಲ್ಲ. ದಿನ ಮುಂದೂಡಲು ಹೇಳು ಎಂದಳು. ದಿನ ಮುಂದೂಡಿ ಎಂದು ಸಂಗಣ್ಣನಿಗೆ ಹೇಳಬಲ್ಲವನಾಗಿದ್ದರೆ ತನಗೆ ಕನ್ನಡಕ ಯಾಕೆ ಬೇಕಿತ್ತು ಎಂದು ಮಾಂತೇಶನಿಗೆ ಅನ್ನಿಸಿತು, ಅದನ್ನೂ ಹೇಳಲಾಗಲಿಲ್ಲ.

ಭಾನುವಾರ ಬಂದರು. ಕಂಠೆಪ್ಪ, ಅವನ ಹೆಂಡತಿ, ಮಗ ಬಾಲಪ್ಪ, ಸಂಗಣ್ಣ. ಲಾರಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಕಂಠೆಪ್ಪನ ದನಿ ಒಂದೂವರೆ ಕೋಣೆಗೆ ಹೆಚ್ಚಾಗುವಂತಿತ್ತು. ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಟ್ಟರು, ಶಿವವ್ವ ಕೊಟ್ಟ ನೀರನ್ನು ಕೊನೆಯ ಹನಿಯವರೆಗೂ ಕುಡಿದರು, ಇನ್ನೊಂದು ಲೋಟ ಕೇಳಿದರು. ಶಿವವ್ವನ ಮುಖ ಬೆಳಗಿತು. ಒಗ್ಗರಣೆ ಅವಲಕ್ಕಿ ಬಂತು, ಚಹಾ ಬಂತು. ಓಣಿಯವರು ಕಿಟಕಿಗೆ ಬಂದರು. ಅಶ್ವಿನಿ ಒಲೆಯ ಹತ್ತಿರ ಗೋಡೆಗೆ ಒರಗಿ ನಿಂತಳು.

ಸಂಗಣ್ಣ ತನ್ನ ಅಕ್ಕ ಪಟ್ಟ ಕಷ್ಟದಿಂದ ಹಿಡಿದು ವೆರ್ಣಾದಲ್ಲಿ ತಾನು ಎಬ್ಬಿಸಿದ ಕಟ್ಟಡಗಳವರೆಗೆ ಎಲ್ಲವನ್ನೂ ಹೇಳಿದ. ನಡುವೆ ಹುಡುಗಿ ಸಮುದ್ರದ ಕೆಲಸ ಬಿಡುತ್ತಾಳೆ ಎಂದೂ ಸೇರಿಸಿದ. ಬಾಲಪ್ಪ ತನ್ನ ಕಾಲಿನ ಹೆಬ್ಬೆರಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕಂಠೆಪ್ಪ ಇದಾವುದಕ್ಕೂ ಹೂಂಗುಟ್ಟದೆ ಮಾಂತೇಶನತ್ತ ತಿರುಗಿದ.

“ಅವ್ರು ಹೇಳಿದ್ದೆಲ್ಲಾ ಕೇಳಿದ್ವಿ. ನೀವು ಹೇಳ್ರಿ ಮಾಂತೇಶಣ್ಣಾರ. ಮನಿ ಹಿರ್ಯಾರು ನೀವು.”

ಮಾಂತೇಶ ಬಾಯಿ ತೆರೆದ. ವಾಕ್ಯ ಬಾಯಿಪಾಠವಿತ್ತು, ಆರು ಮಂದಿಗೆ ದಿನವೂ ಹೇಳಿದ್ದ, ಆರು ಮಂದಿಯೂ ಒಪ್ಪಿದ್ದರು. ಆದರೆ ಇವರು ಬೆವರುತ್ತಿದ್ದರು. ಇವರ ಬಾಯಿಂದ ಅವಲಕ್ಕಿಯ ವಾಸನೆ ಬರುತ್ತಿತ್ತು. ಕಂಠೆಪ್ಪನ ಎಡಗಣ್ಣಿನಲ್ಲಿ ಒಂದು ಕೆಂಪು ಎಳೆ ಇತ್ತು. ಕಂಪ್ಯೂಟರಿನವರು ಯಾರ ಕಣ್ಣಿಗೂ ಹಾಗೊಂದು ಎಳೆ ಹಾಕಿರಲಿಲ್ಲ. ಮಾಂತೇಶ ಬಾಯಿ ಮುಚ್ಚಿದ.

ಸಂಗಣ್ಣ ಏನೋ ಹೇಳಹೊರಟ, ಕಂಠೆಪ್ಪ ಕೈಯೆತ್ತಿ ತಡೆದ. ಮಾಂತೇಶ ನೆಲ ನೋಡುತ್ತಿದ್ದ. ಅವನ ಕುತ್ತಿಗೆಯ ನರ ಎದ್ದಿತ್ತು, ಕೈ ಮುಷ್ಟಿಯಾಗಿತ್ತು. ಓಡಿಹೋಗುವ ಬಾಗಿಲಿಗೆ ಅಡ್ಡಲಾಗಿ ಕಂಠೆಪ್ಪನ ಹೆಂಡತಿ ಕೂತಿದ್ದರಿಂದ ಮಾತ್ರ ಅವನು ಅಲ್ಲಿದ್ದ. ಆದರೆ ಎದುರು ಕೂತವರಿಗೆ ಅದು ಬೇರೆಯಾಗಿ ಕಂಡಿತು. ಆರು ಕಡೆಯವರನ್ನು ನೀರು ಕುಡಿಸದೆ ಕಳಿಸಿದವನ ಮೌನ ಅದು. ಕಂಠೆಪ್ಪನಿಗೆ ತನ್ನ ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಎದುರು ತಾನು ಹೆಚ್ಚು ಮಾತಾಡಿದೆನೇ ಎಂಬ ಸಂಶಯ ಬಂತು.

ಹೆಂಡತಿಯ ಕಡೆ ನೋಡಿದ. ಆಕೆ ತುಸು ಯೋಚಿಸಿ ಸರಿ ಎಂಬಂತೆ ಸೆರಗು ಎಳೆದುಕೊಂಡಳು.

“ನಿಮ್ಮಂಥಾ ತೂಕದ ಮನಷಾನ್ನ ನಾ ನೋಡಿಲ್ರಿ,” ಎಂದ ಕಂಠೆಪ್ಪ. ಅವನ ದನಿ ತಾನಾಗಿಯೇ ಇಳಿದಿತ್ತು. “ಒಂದ ಮಾತು ಹೇಳ್ತೇನಿ. ಕೊಟ್ಟು ತರೂಣು. ನಿಮ್ಮ ತಂಗೀನ್ನ ನಮ್ಮ ಬಾಲಪ್ಪಗ ಕೊಡ್ರಿ. ನಮ್ಮ ಮಗಳು ಮೀನಾನ್ನ ನೀವು ಮಾಡ್ಕೋರಿ. ಒಂದ ಹಂದರದಾಗ ಎರಡೂ ಮದಿವಿ ಮುಗಸೂಣು.”

ಕಿಟಕಿಯಲ್ಲಿ ಯಾರೋ ಉಸಿರು ಎಳೆದುಕೊಂಡರು.

ಮಾಂತೇಶನಿಗೆ ಮೂವತ್ತು ದಾಟಿ ಬಹಳವಾಗಿತ್ತು. ಹಿಂದೊಮ್ಮೆ ಅವನನ್ನು ಹೆಣ್ಣು ನೋಡಲು ಕರೆದೊಯ್ದಾಗ ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲಿಂದಲೇ ಬಸ್ಸು ಹತ್ತಿದ್ದ. ಆಮೇಲೆ ಯಾರೂ ಕರೆಯಲಿಲ್ಲ. ಮೀನಾಳನ್ನು ಅವನು ನೋಡಿದ್ದ. ಕುಡಚಡೆಯ ಒಂದು ಮದುವೆಯಲ್ಲಿ ಅವಳು ಹೋಳಿಗೆ ಬಡಿಸುತ್ತಿದ್ದಳು. ಸಾಕು ಎನ್ನಲು ಬಾಯಿ ಬಾರದೆ ಅವನು ತಿನ್ನುತ್ತಲೇ ಹೋಗಿದ್ದ, ಕೊನೆಗೆ ಅವಳೇ ಮುಖ ನೋಡಿ ಅರ್ಥಮಾಡಿಕೊಂಡು ಎಲೆಯ ಮೇಲಿಂದ ಒಂದು ಹೋಳಿಗೆಯನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗಿದ್ದಳು. ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತಾಗ ಅವನು ಆ ಕೈಯನ್ನು ಎಷ್ಟೋ ಸಲ ನೆನೆದಿದ್ದ. ಅವಳೊಡನೆ ಮಾತಾಡಬೇಕಾಗಿಯೇ ಬರಲಿಕ್ಕಿಲ್ಲ.

ಶಿವವ್ವ ಅಳುತ್ತಿದ್ದಳು. ಸೊಸೆ, ಅಳಿಯ, ಬಂದುಹೋಗುವ ಬೀಗರು, ತುಂಬಿದ ಚಾಪೆ. ಎಲ್ಲ ಒಂದೇ ಮಾತಿನಲ್ಲಿ ಬಂದು ಬಾಗಿಲಲ್ಲಿ ನಿಂತಿತ್ತು. ಆಕೆ ಎದ್ದು ಡಬ್ಬಿಯಿಂದ ಸಕ್ಕರೆ ತೆಗೆದು ತಟ್ಟೆಯಲ್ಲಿ ತಂದಿಟ್ಟಳು. ಸಕ್ಕರೆ ಬಾಯಿಗೆ ಬಿದ್ದರೆ ಸಂಬಂಧ ಕುದುರಿ ಮಾತು ಮುಗಿದ ಹಾಗೆ.

ಅಶ್ವಿನಿ ಅಳಲಿಲ್ಲ, ಸನ್ನೆ ಮಾಡಲಿಲ್ಲ. ಅಣ್ಣನ ಕಡೆ ನೋಡಿದಳು ಅಷ್ಟೇ. ದಂಡೆಯ ಮೇಲೆ ನಿಂತು, ಮುಳುಗುತ್ತಿರುವವನು ತಾನಾಗಿಯೇ ಕೈಯೆತ್ತುತ್ತಾನೋ ಇಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಆ ನೋಟವನ್ನೂ ಹಿಂತೆಗೆದುಕೊಂಡು ನೆಲ ನೋಡಿದಳು. ಮೀನಾಳ ಹೆಸರು ಬಂದ ಮೇಲೆ ಅಣ್ಣನನ್ನು ಕೇಳುವುದು ನ್ಯಾಯವಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

ಐದು ಮೆಟ್ಟಿಲಿನಲ್ಲಿ ಎಲ್ಲಿಯೂ ಇದು ಇರಲಿಲ್ಲ. ನಗುವವರು, ಆಕಳಿಸುವವರು, ಬೈಯುವವರು ಇದ್ದರು. ಎದುರು ಕೂತು ಪ್ರೀತಿಯಿಂದ ಕೊಡುವವನನ್ನು ಏನು ಮಾಡಬೇಕೆಂದು ಯಾವ ಡಾಕ್ಟರೂ ಕನ್ನಡಕದಲ್ಲಿ ಹಾಕಿರಲಿಲ್ಲ.

ಕಂಠೆಪ್ಪ ಒಂದು ಚಿಟಿಕೆ ಸಕ್ಕರೆ ತೆಗೆದುಕೊಂಡು ಮುಂದೆ ಬಾಗಿದ. ಕೈ ಮಾಂತೇಶನ ತುಟಿಯ ಹತ್ತಿರ ಬಂದು ನಿಂತಿತು. ಒರಟು ಕೈ, ತೊಳೆದರೂ ಉಗುರಿನ ಸುತ್ತ ಅದಿರಿನ ಕೆಂಪು ಉಳಿದಿತ್ತು.

“ಬಾಯಿ ತಗೀರಿ ಬೀಗ್ರ,” ಎಂದ.

ಮಾಂತೇಶ ಬಾಯಿ ತೆರೆದ.

“ಬ್ಯಾಡ್ರಿ,” ಎಂದ.

ದನಿ ಎಷ್ಟು ಸಣ್ಣದಿತ್ತೆಂದರೆ ಕಂಠೆಪ್ಪನ ಕೈ ಹಾಗೆಯೇ ನಿಂತಿತು. ಸಂಗಣ್ಣ ದೊಡ್ಡದಾಗಿ ನಕ್ಕು, ಹುಡುಗನಿಗೆ ನಾಚಿಕೆ, ತಂಗಿಯ ಹಾಗೆಯೇ ಎಂದ. ಮಾಂತೇಶ ಬೆವರುತ್ತಿದ್ದ. ಗಂಟಲು ಕಟ್ಟಿಯೇ ಇತ್ತು. ಕಟ್ಟಿದ ಗಂಟಲಿನಿಂದಲೇ, ಕಂಠೆಪ್ಪನ ಕಣ್ಣಿನ ಕೆಂಪು ಎಳೆಯನ್ನು ನೋಡುತ್ತ, ಒಂದೊಂದೇ ಶಬ್ದವನ್ನು ಕೆಳಗಿಳಿಸಿದ.

“ಅಶ್ವಿನಿನ್ನ ಕೊಡಂಗಿಲ್ರಿ. ಮೀನಾನೂ ಬ್ಯಾಡ್ರಿ.”